ಹುಳದ ಶೆಡ್ಡಿನ ಸೋಮವಾರಗಳು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ದಾರಿಯಲ್ಲಿ ಸುಮ್ಮನೆ ಹೋಗುತ್ತಿರುತ್ತೀರಿ. ಯಾವುದೋ ವಾಸನೆ ಮೂಗಿಗೆ ಬಡಿಯುತ್ತದೆ, ಕಾಲು ಅಲ್ಲೇ ನಿಂತುಬಿಡುತ್ತದೆ. ಒಳ್ಳೆಯ ವಾಸನೆಯೂ ಅಲ್ಲ, ಕೆಟ್ಟದ್ದೂ ಅಲ್ಲ. ಆದರೆ ಅದರ ಹಿಂದೆಯೇ ಇಡೀ ಒಂದು ವರ್ಷ ಎದ್ದು ಬರುತ್ತದೆ, ಅದೂ ನೀವು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವರ್ಷ.

ನನಗೆ ಹೋದ ವಾರ ಮೈಸೂರಿನ ಹೂಟಗಳ್ಳಿಯಲ್ಲಿ ಆಯಿತು. ಬ್ಯಾಂಕಿನಿಂದ ನಡೆದುಕೊಂಡು ಬರುವಾಗ ಆ ಹಳೆಯ ಶೆಡ್ಡಿನ ಮುಂದೆ ಹಾದೆ. ಈಗ ಅದು ಕೋಳಿ ಆಹಾರದ ಗೋಡೌನ್. ಕಡಲೆಕಾಯಿಯನ್ನು ಸಿಪ್ಪೆ ಸಮೇತ ತುಸು ಜಾಸ್ತಿ ಹುರಿದುಬಿಟ್ಟ ಹಾಗೆ, ಅದರ ಹಿಂದೆ ಒಣಹುಲ್ಲಿನ ಘಾಟು. ಮೂರು ವರ್ಷದ ಹಿಂದೆ ಅದೇ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆ. ಈ ಪೇಜಿನಲ್ಲಿ ಸಿಟಿ ಬಸ್ಸಿನ ಬಗ್ಗೆ, ಸೊಪ್ಪಿನ ಬೆಲೆಯ ಬಗ್ಗೆ, ನಮ್ಮತ್ತೆಯ ಬಗ್ಗೆ ಎಲ್ಲ ಬರೆದು ನಿಮ್ಮ ತಲೆ ತಿಂದಿದ್ದೇನೆ. ಇದರ ಬಗ್ಗೆ ಮಾತ್ರ ಬರೆದಿರಲಿಲ್ಲ. ಇವತ್ತು ಬರೆದು ಮುಗಿಸುತ್ತೇನೆ. ಮುಚ್ಚಿಟ್ಟುಕೊಂಡು ಸಾಕಾಗಿದೆ.

ಆ ಶೆಡ್ಡಿನಲ್ಲಿ ನಾವು ಹುಳ ಸಾಕುತ್ತಿದ್ದೆವು. ತಿನ್ನುವುದಕ್ಕೆ. ಕೋಳಿ ತಿನ್ನುವುದಕ್ಕಲ್ಲ, ಮನುಷ್ಯರು ತಿನ್ನುವುದಕ್ಕೆ. ಕತ್ತಲಾದರೆ ಮೂಲೆಯಲ್ಲಿ ಕೂತು ಕಿರ್ ಕಿರ್ ಅನ್ನುತ್ತದಲ್ಲ ಚಿಮ್ಮಂಡೆ, ಅದನ್ನು. ಸಾಕಿ, ಒಣಗಿಸಿ, ಪುಡಿ ಮಾಡಿ ಬಿಸ್ಕತ್ತಿಗೂ ಚಕ್ಕುಲಿಗೂ ಬೆರೆಸುವುದು. ಮಾರುವ ಪರ್ಮಿಷನ್ ಇನ್ನೂ ಬಂದಿರಲಿಲ್ಲ, ಸ್ಯಾಂಪಲ್ ಅಂತ ಕೊಡುತ್ತಿದ್ದೆವು.

ನೀವು ನಗುತ್ತೀರಿ ಅಂತ ಗೊತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟುವುದಿಲ್ಲ. ಆದರೆ ನಾನು ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದ ಉಪ್ಪಿನಕಾಯಿ ಕಂಪನಿ ಮುಚ್ಚಿತ್ತು, ಯಜಮಾನರ ಜೆರಾಕ್ಸ್ ಅಂಗಡಿಗೆ ಜನ ಬರುವುದು ನಿಂತಿತ್ತು. ನಲವತ್ತಮೂರು ವಯಸ್ಸಿಗೆ ನನ್ನನ್ನು ಯಾರು ಕರೆಯುತ್ತಾರೆ? ಈ ಹುಡುಗ ಕರೆದ. ಹೆಸರು ಚೇತನ್. ಆಹಾರದ ಮೇಲೆ ಏನೋ ದೊಡ್ಡ ಓದು ಓದಿಕೊಂಡಿದ್ದ. ಶೆಡ್ಡು ಅವನ ಸೋದರಮಾವನ ಡಬ್ಬಿ ಫ್ಯಾಕ್ಟರಿಗೆ ಸೇರಿದ್ದು. ಮನೆಯಲ್ಲಿ ನಾನು ‘ಪ್ರೋಟೀನ್ ಪುಡಿ ಮಾಡೋ ಕಡೆ ಕೆಲಸ’ ಅಂದೆ. ನಮ್ಮತ್ತೆ ಅದನ್ನು ರಾಗಿ ಮಾಲ್ಟ್ ಅಂದುಕೊಂಡು, “ಒಂದ್ ಪ್ಯಾಕೆಟ್ ತಗೊಂಬಾಮ್ಮ, ಹಾಲಿಗ್ ಹಾಕ್ಕೊಂಡು ಕುಡೀತೀನಿ, ಮಂಡಿ ನೋವು” ಅಂತ ತಿಂಗಳುಗಟ್ಟಲೆ ಪೀಡಿಸಿದರು.

ಚೇತನ್ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಹೇಳುತ್ತಿದ್ದುದರಲ್ಲಿ ಸುಳ್ಳೂ ಇರಲಿಲ್ಲ. ಕುರಿ ಸಾಕಲು ಎಷ್ಟು ಮೇವು, ಎಷ್ಟು ನೀರು, ಎಷ್ಟು ಜಾಗ ಬೇಕು ನೋಡಿ. ಇದಕ್ಕೆ ಒಂದು ಪ್ಲಾಸ್ಟಿಕ್ ಕ್ರೇಟು, ನಾಲ್ಕು ಮೊಟ್ಟೆ ಟ್ರೇ, ಒದ್ದೆ ಹತ್ತಿ, ಮಾರ್ಕೆಟ್ಟಿನಲ್ಲಿ ಬಿಸಾಡುವ ಕೋಸಿನ ಎಲೆ ಸಾಕು. “ಮುಂದೆ ಎಲ್ರೂ ಇದನ್ನೇ ತಿನ್ನೋದು ಮೇಡಂ” ಅನ್ನುತ್ತಿದ್ದ. ಅವನು ಮಾತ್ರ ತಿಂದಿದ್ದನ್ನು ನಾನು ನೋಡಲಿಲ್ಲ. ಅವನದೂ ನಮ್ಮ ಹಾಗೇ ಮಠದ ಕಡೆಯ ಮನೆ.

ಶೆಡ್ಡಿನಲ್ಲಿ ನಾವು ಐದು ಹೆಂಗಸರು. ನಾನು ಸೂಪರ್‌ವೈಸರ್. ಮಂಜುಳ ಅಂತ ಒಬ್ಬಳು, ಗೌಡರವಳು, ಬಾಯಿ ತೆರೆದರೆ ನಗು. ಅವಳ ಊರಿನವರೇ ಇನ್ನಿಬ್ಬರು. ಐದನೆಯವಳು ಸುಜಾತ, ಅಶೋಕಪುರಂನವಳು. ಆ ಹೆಸರು ಹೇಳಿದರೆ ಮೈಸೂರಿನಲ್ಲಿ ಯಾರೂ ಮತ್ತೆ ಜಾತಿ ಕೇಳುವುದಿಲ್ಲ. ಇಪ್ಪತ್ತು ವರ್ಷ ಮನೆಯಲ್ಲೇ ನೆಲದ ಮೇಲೆ ಕೂತು ಊದುಬತ್ತಿ ಹೊಸೆದು ಬೆನ್ನು ಕಳೆದುಕೊಂಡಿದ್ದಳು. ಗಂಡನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ಕೆಲಸ ಕಾಯಂ ಆದರೆ ಡಬ್ಬಿ ಫ್ಯಾಕ್ಟರಿಯಲ್ಲಿ ಹೆಸರು ಸೇರುತ್ತದೆ, ಇ.ಎಸ್.ಐ. ಕಾರ್ಡ್ ಸಿಗುತ್ತದೆ, ಗಂಡನ ಕಾಲು ಉಳಿಯುತ್ತದೆ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಶ್ರಾವಣ ಕಳೆಯಲಿ, ಮಾಡಿಬಿಡೋಣ ಅಂತ ಚೇತನ್ ಮಾತು ಕೊಟ್ಟಿದ್ದ.

ಮೊದಲ ದಿನಗಳಲ್ಲಿ ನಾನು ಅವಳನ್ನು ಕೇಳಿದ್ದೆ, “ನಿಮ್ ಕಡೆ ಈಸಲು ಹುಳ ಎಲ್ಲ ತಿಂತಾರಲ್ವಾ? ನಿನಗೆ ಇದೆಲ್ಲ ಅಭ್ಯಾಸ ಇರುತ್ತೆ ಬಿಡು.”

“ನಮ್ ಕಡೆ ಅಂದ್ರೆ ಯಾವ್ ಕಡೆ ಗಿರಿಜಕ್ಕ?” ಅಂದಳು ಸುಜಾತ, ಕ್ರೇಟು ಒರೆಸುತ್ತಲೇ. “ನಾನ್ ಹುಟ್ಟಿದ್ದು, ಬೆಳ್ದಿದ್ದು ಇದೇ ಮೈಸೂರು. ನಂಗೊತ್ತಿಲ್ಲ.”

ಆ ಕಡೆಯಿಂದ ಮಂಜುಳ, “ಅಯ್ಯೋ ನನ್ ಕೇಳಿ ಅಕ್ಕ! ಮೊದ್ಲು ಮಳೆ ಬಿದ್ದು ಈಸಲು ಎದ್ರೆ ನಮ್ಮಜ್ಜಿ ದೀಪದ ಕೆಳಗೆ ಬಾಂಡ್ಲಿ ಇಟ್ಕೊಂಡು ಕೂತ್ಬುಡೋಳು. ರೆಕ್ಕೆ ಕೇರಿ, ಹುರ್ದು, ಪುರಿ ಜೊತೆ ಕೊಡೋಳು. ಅದ್ರ ಮುಂದೆ ನಿಮ್ ಗೋಡಂಬಿ ಯಾವ್ ಲೆಕ್ಕ ಕಣ್ರೀ?” ಅಂದು ನಕ್ಕಳು.

ನಾನೂ ನಕ್ಕೆ. ಅಷ್ಟಕ್ಕೇ ನನಗೆ ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ.

ಆ ವರ್ಷ ಬೇಸಿಗೆ ತುಂಬ ಕೆಟ್ಟದಾಗಿತ್ತು. ತಗಡಿನ ಶೆಡ್ಡು, ಒಳಗೆ ಕಾಲಿಟ್ಟರೆ ಬೆವರು. ಹುಳಕ್ಕೆ ಆ ಸೆಕೆ ಬೇಕಂತೆ, ಚೆನ್ನಾಗಿ ಬೆಳೆದವು. ಮೊಟ್ಟೆಯಿಂದ ಹೊರಬಿದ್ದ ಆರು ವಾರಕ್ಕೆ ರೆಕ್ಕೆ ಮೂಡಿ ಗಂಡುಗಳು ಕೂಗುವುದಕ್ಕೆ ಶುರು ಮಾಡುತ್ತವೆ. ಕೂಗು ಎದ್ದರೆ ಕೊಯ್ಲಿನ ಹೊತ್ತು ಬಂತು ಅಂತ. ಹಿಂದಿನ ದಿನವೇ ಆಹಾರ ನಿಲ್ಲಿಸಬೇಕು, ಹೊಟ್ಟೆ ಖಾಲಿಯಾಗಲಿ ಅಂತ. ಮಾರನೆಯ ದಿನ ಟ್ರೇಗಳನ್ನು ಟಬ್ಬಿಗೆ ಒದರಿ, ಡೀಪ್ ಫ್ರೀಜರಿಗೆ ಇಡುವುದು. ಚಳಿಗೆ ಹಾಗೇ ಮರಗಟ್ಟಿಹೋಗುತ್ತವೆ. ಚೇತನ್ ಇದನ್ನು ‘ಮಲಗಿಸೋದು’ ಅನ್ನುತ್ತಿದ್ದ, ನಾವೂ ಹಾಗೇ ಅಂದೆವು.

ಈಗ ಅವನು ಮಾಡಿದ ತಪ್ಪು ಕೇಳಿ. ವಾರ ಶುರುವಾಗುವುದು ಸೋಮವಾರ ಅಂತ ಅವನು ಸೋಮವಾರಕ್ಕೊಂದು ಸಾಲು ಹೊಸ ಮೊಟ್ಟೆ ಇಡಿಸುತ್ತಿದ್ದ. ಮೊಟ್ಟೆ ಒಡೆಯಲು ಒಂದು ವಾರ, ಬೆಳೆಯಲು ಆರು ವಾರ, ಹಾಗಾಗಿ ಕೊಯ್ಲೂ ಸೋಮವಾರವೇ. ಪ್ರತಿ ಸೋಮವಾರ.

ಮೊದಲನೇ ಸೋಮವಾರ ಮಂಜುಳ ಕೈ ಕಟ್ಟಿಕೊಂಡು ನಿಂತುಬಿಟ್ಟಳು. “ಸೋಮವಾರ ಜೀವ ತೆಗೆಯೋದಾ? ಮನೇಲಿ ಮುದ್ದೆಗೆ ಸಾರು ಕೂಡ ಸೊಪ್ಪಿಂದೇ ಮಾಡ್ತೀವಿ ಸಾರ್. ನಾನ್ ಮುಟ್ಟಲ್ಲ.”

ಚೇತನ್ ಹೇಳಿದ, “ಇದು ಮಾಂಸ ಅಲ್ಲ ಮಂಜುಳಾ. ಮಾಂಸಕ್ಕೆ ಬದಲು ತಿನ್ನೋದು.”

“ಹಂಗಾದ್ರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಹಾಕ್ಬುಡಿ ಸಾರ್. ಈಗ್ಲೇ ಟಬ್ಬು ಎತ್ತುತೀನಿ.”

ಇನ್ನಿಬ್ಬರೂ ಮಂಜುಳಳ ಹಿಂದೆ ಸರಿದರು. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಕುತ್ತಿಗೆಯಲ್ಲಿ ಲಿಂಗ ಇತ್ತಲ್ಲ, ನಾನು ಮಾಡುವುದಿಲ್ಲ ಅಂತ ಎಲ್ಲರೂ ತಾವೇ ತೀರ್ಮಾನಿಸಿಕೊಂಡಿದ್ದರು. ನನಗೂ ಅದೇ ಬೇಕಿತ್ತು. ಚೇತನ್ ನನ್ನ ಮುಖ ನೋಡಿದ. ನಾನು ಸುತ್ತ ನೋಡಿದೆ. ನನ್ನ ಕಣ್ಣು ಸೀದಾ ಹೋಗಿ ಸುಜಾತಳ ಮೇಲೆ ನಿಂತಿತು.

“ಸುಜಾತ, ನೀನು ಮಾಡಮ್ಮ. ನಿನಗೆ ಈ ವಾರ ಗೀರ ಎಲ್ಲ ಇಲ್ಲವಲ್ಲ.”

ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕ್ರೇಟಿನ ಮೇಲೆ ಹಾಕಿದಳು. ಆಮೇಲೆ ಗ್ಲೌಸ್ ಹಾಕಿಕೊಂಡಳು.

ಅಲ್ಲಿಂದ ಸೋಮವಾರ ಸುಜಾತಳದಾಯಿತು. ಅವಳು ಟ್ರೇ ಒದರುತ್ತಿದ್ದಾಗ ನಾವು ನಾಲ್ವರೂ ಹೊರಗೆ ಹೊಂಗೆ ಮರದ ಕೆಳಗೆ ಟೀ ಕುಡಿಯುತ್ತಿದ್ದೆವು. ಒಳಗಿನ ಕೂಗು ಒಂದೊಂದೇ ಕ್ರೇಟಿಗೆ ಇಳಿಯುತ್ತಾ ಬರುವುದು ಹೊರಗೂ ಕೇಳಿಸುತ್ತಿತ್ತು. ಪೂರ್ತಿ ನಿಂತ ಮೇಲೆ ಒಳಗೆ ಹೋಗುತ್ತಿದ್ದೆವು. ಮೊಟ್ಟೆ ಇಡುವುದನ್ನು ಒಂದು ದಿನ ಮುಂದೆ ಹಾಕಿ ಮಂಗಳವಾರ ಮಾಡಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಒಂದೇ ದಿನ. ಯಾರಿಗೂ ಅದು ಹೊಳೆಯಲಿಲ್ಲ. ಹೊಳೆಯುವ ಅವಶ್ಯಕತೆಯೇ ಬರಲಿಲ್ಲ, ಸುಜಾತ ಇದ್ದಳಲ್ಲ.

ಆಷಾಢ ಬಂತು. ಗಾಳಿ, ಸೋನೆ, ಒಣಗದ ಬಟ್ಟೆ. ಶುಕ್ರವಾರ ಬಂದರೆ ಮಂಜುಳ ಬೆಳಗ್ಗೆಯೇ ಬೆಟ್ಟ ಹತ್ತಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು ತಡವಾಗಿ ಬರುತ್ತಿದ್ದಳು. ಅದೇ ತಿಂಗಳು ಚೇತನ್ ಗೋಕುಲಂನ ಒಂದು ಕೆಫೆಯಲ್ಲಿ ರುಚಿ ತೋರಿಸುವ ಕಾರ್ಯಕ್ರಮ ಇಟ್ಟ. ಯೋಗ ಕಲಿಯಲು ಬಂದ ಫಾರಿನರ್‌ಗಳು ಇಂಥದ್ದಕ್ಕೆ ಮುಗಿಬೀಳುತ್ತಾರೆ ಅಂತ ಅವನ ಲೆಕ್ಕ. ನಾವು ಐದೂ ಜನ ಒಳ್ಳೆಯ ಸೀರೆ ಉಟ್ಟು ಹೋದೆವು. ಚಕ್ಕುಲಿ, ನಿಪ್ಪಟ್ಟು, ಬಿಸ್ಕತ್ತು.

ಹೋಗಿ ನೋಡಿದರೆ ಅವರಲ್ಲಿ ಅರ್ಧ ಜನ ಹಾಲನ್ನೂ ಮುಟ್ಟದವರು. ಒಬ್ಬಳು ಜೇನುತುಪ್ಪ ಕೂಡ ತಿನ್ನುವುದಿಲ್ಲವಂತೆ, ಜೇನುಹುಳಕ್ಕೆ ನೋವಾಗುತ್ತದೆ ಅಂತ. ಮಂಜುಳ ನನ್ನ ಕಿವಿಯಲ್ಲಿ, “ಇವ್ರು ನಿಮ್ ಅತ್ತೆಗಿಂತ ಮಡಿ ಕಣಕ್ಕ” ಅಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ.

ಅಷ್ಟರಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಚಕ್ಕುಲಿ ಕೈಯಲ್ಲಿ ಹಿಡಿದು, ಇವು ಸಾಯುವುದು ಹೇಗೆ ಅಂತ ಕೇಳಿದಳು. ಚೇತನ್ ಅವನ ಎಂದಿನ ಮಾತು ಹೇಳಿದ, ನೋವಿಲ್ಲ, ನಿದ್ದೆ ಬಂದ ಹಾಗೆ ಹೋಗುತ್ತವೆ. ಆಕೆ ಬಿಡಲಿಲ್ಲ. ಆ ಕೆಲಸ ಮಾಡುವವರು ಯಾರು ಅಂದಳು. ಅಷ್ಟು ಇಂಗ್ಲಿಷು ನಮಗೆಲ್ಲ ಅರ್ಥವಾಯಿತು.

ಚೇತನ್ ತಿರುಗಿದ. ನಾನೂ ತಿರುಗಿದೆ. ಮಂಜುಳ, ಇನ್ನಿಬ್ಬರು, ಎಲ್ಲರೂ ಒಟ್ಟಿಗೆ ತಿರುಗಿ ಸುಜಾತಳನ್ನು ನೋಡಿದೆವು. ಅವಳು ನೀಲಿ ಸೀರೆ ಉಟ್ಟುಕೊಂಡು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಆ ಬಿಳಿ ಕೂದಲಿನವಳು ಅವಳನ್ನು ಒಂಥರಾ ನೋಡಿದಳು. ಸುಜಾತ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಕಾರ್ಯಕ್ರಮ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಆಮೇಲೆ ಎರಡು ಮೂರು ಸೋಮವಾರ ಏನೂ ಆಗದ ಹಾಗೆ ಕಳೆದವು. ಶ್ರಾವಣ ಬಂತು. ಒಂದು ಬಿಸ್ಕತ್ ಕಂಪನಿಯವರು ಚೇತನ್‌ಗೆ ಹೇಳಿದ್ದರು, ಒಂದೇ ಸಾಲಿನ ಹೊಸ ಪುಡಿ ಕೊಡಿ, ಪರೀಕ್ಷೆ ಮಾಡಿ ನೋಡುತ್ತೇವೆ, ಒಪ್ಪಿಗೆಯಾದರೆ ದೊಡ್ಡ ಆರ್ಡರು. ಅದು ಬಂದರೆ ಶೆಡ್ಡು ಉಳಿಯುತ್ತದೆ, ಸುಜಾತ ಕಾಯಂ ಆಗುತ್ತಾಳೆ. ಬರದಿದ್ದರೆ ಮಾವ ಶೆಡ್ಡು ವಾಪಸ್ ಕೇಳುತ್ತಾನೆ. ಚೇತನ್ ಅದೇ ಮಾತಿಗೆ ಬೆಂಗಳೂರಿಗೆ ಹೋದ. “ಸೋಮವಾರದ್ದು ನೀವ್ ನೋಡ್ಕೊಳಿ ಮೇಡಂ” ಅಂದು ಹೋದ. ಭಾನುವಾರ ನಾನೇ ಬಂದು ಹುಳದ ಆಹಾರ ತೆಗೆಸಿದೆ.

ಸೋಮವಾರ ಬೆಳಗ್ಗೆ ಸುಜಾತ ಬಂದವಳು ಗ್ಲೌಸ್ ಮುಟ್ಟಲಿಲ್ಲ.

“ಗಿರಿಜಕ್ಕ, ಇವತ್ತಿಂದ ನಾನ್ ಇದ್ ಮಾಡಲ್ಲ. ಒಣಗ್ಸೋದು, ಬೀಸೋದು, ತೊಳೆಯೋದು ಏನ್ ಬೇಕಾದ್ರೂ ಹೇಳಿ.”

“ಏನಾಯ್ತೇ ಈಗ? ಇಷ್ಟ್ ದಿನ ಮಾಡ್ತಿದ್ಯಲ್ಲ.”

“ಭಾನ್ವಾರ ಸಂಜೆ ವಿಹಾರಕ್ಕೆ ಹೋಗ್ತೀನಿ ಅಕ್ಕ. ಬುದ್ಧನ ಮುಂದೆ ಕೈ ಮುಗ್ದು, ಜೀವ ತೆಗೆಯಲ್ಲ ಅಂತ ಎಲ್ರ ಜೊತೆ ಹೇಳ್ತೀನಿ. ಬೆಳಗಾದ್ರೆ ಇಲ್ಲಿ ಬಂದು ಟಬ್ಬುಗಟ್ಲೆ ತೆಗೀತೀನಿ. ಕೋಳಿ ತರೋಕ್ ಹೋದ್ರೂ ಅಂಗಡಿಯೋನು ಕುಯ್ಯೋವರ್ಗೂ ಆ ಕಡೆ ತಿರುಗಿ ನಿಂತ್ಕೊಳೋಳು ನಾನು.”

“ಮತ್ತೆ ಮೊದ್ಲೇ ಹೇಳ್ಬಾರ್ದಿತ್ತಾ?”

“ಯಾರಿಗ್ ಹೇಳ್ಲಿ? ಮಂಜುಳಂಗೆ ಸೋಮವಾರ ಇದೆ. ನಿಮಗೆ ಲಿಂಗ ಇದೆ. ನಂಗೆ ಮಾತ್ರ ಏನೂ ಇಲ್ಲ ಅಂದ್ಕೊಂಡ್ರಿ. ಕಾಯಂ ಆಗೋವರ್ಗೂ ಬಾಯ್ ಮುಚ್ಕೊಂಡಿರೋಣ ಅಂದ್ಕೊಂಡಿದ್ದೆ. ಅವತ್ತು ಗೋಕುಲಂನಲ್ಲಿ ಎಲ್ರೂ ತಿರುಗಿ ನೋಡಿದ್ರಲ್ಲ... ಆಗಲ್ಲ ಅಕ್ಕ, ನಂಗಿನ್ನ ಆಗಲ್ಲ.”

ನನಗೆ ಮುಖ ಎತ್ತಲಾಗಲಿಲ್ಲ. “ಆಯ್ತು ಬಿಡು. ಇವತ್ತಿಂದು ನಾನೇ ಮಾಡ್ತೀನಿ. ನೀನು ಆ ಕಡೆ ಡ್ರೈಯರ್ ನೋಡ್ಕೋ ಹೋಗು” ಅಂದೆ. ಆ ಮಾತು ಮನಸಾರೆ ಆಡಿದ್ದೆ. ನಂಬಿ.

ನಂಬಿ ಅಂತ ಕೇಳುತ್ತಿರುವುದು ಯಾಕೆಂದರೆ ನಾನು ಮಾಡಲಿಲ್ಲ. ಗ್ಲೌಸ್ ಹಾಕಿಕೊಂಡು ಆ ಸಾಲಿನ ಮುಂದೆ ನಿಂತೆ. ಶ್ರಾವಣ ಸೋಮವಾರ, ನನ್ನದು ಉಪವಾಸ, ಬೆಳಗ್ಗೆ ಪೂಜೆ ಮುಗಿಸಿ ಬಂದಿದ್ದೆ. ಒಂದು ಟ್ರೇ ಎತ್ತಿದೆ. ಅವು ನನ್ನ ಮುಂಗೈ ಮೇಲೆ ಹತ್ತಿದವು. ಟ್ರೇಯನ್ನು ಮೆಲ್ಲಗೆ ಮತ್ತೆ ಅಲ್ಲೇ ಇಟ್ಟೆ. ಒಂದು ಗಂಟೆ ಹಾಗೇ ನಿಂತಿದ್ದೆನೋ ಏನೋ. ಕಿವಿ ತುಂಬ ಕೂಗು. ಸುಜಾತ ಇಷ್ಟು ಸೋಮವಾರ ಇದರ ಎದುರು ಒಬ್ಬಳೇ ನಿಂತಿದ್ದಳಲ್ಲ ಅಂತ ಅನಿಸಿತು. ಹಾಗೆ ಅನಿಸಿದ್ದೂ ನಿಜ, ಅನಿಸಿದರೂ ಗ್ಲೌಸ್ ಬಿಚ್ಚಿಟ್ಟಿದ್ದೂ ನಿಜ. ನಾಳೆ ಮಂಗಳವಾರ, ಎಲ್ಲರೂ ಸೇರಿ ಮಾಡೋಣ, ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ. ಡ್ರೈಯರ್ ಸದ್ದಿನಲ್ಲಿ ಕೂಗು ನಿಂತಿಲ್ಲ ಅಂತ ಯಾರಿಗೂ ತಿಳಿಯುವಂತಿರಲಿಲ್ಲ. ಫ್ರೀಜರ್ ಬಾಗಿಲನ್ನು ಒಮ್ಮೆ ಜೋರಾಗಿ ತೆಗೆದು ಹಾಕಿದೆ, ಆ ಕಡೆ ಇದ್ದವರಿಗೆ ಸದ್ದು ಕೇಳಲಿ ಅಂತ. ಮಧ್ಯಾಹ್ನ ಚೇತನ್ ಫೋನ್ ಮಾಡಿ “ಆಯ್ತಾ ಮೇಡಂ?” ಅಂದ.

“ಆಯ್ತು ಸಾರ್” ಅಂದೆ.

ಆಹಾರ ತೆಗೆಸಿದ್ದು ನನಗೆ ಮರೆತೇಹೋಗಿತ್ತು. ಒಂದು ದಿನಕ್ಕೆ ಅಂತ ಹಸಿವಿಗೆ ಬಿಟ್ಟ ಹುಳ, ಎರಡು ದಿನ ಹಸಿದವು. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆದಾಗ ಕೂಗೇ ಇರಲಿಲ್ಲ. ಒಂದನ್ನೊಂದು ತಿಂದಿದ್ದವು. ಕ್ರೇಟಿನ ತುಂಬ ಕಾಲು, ರೆಕ್ಕೆ, ಅರ್ಧ ಮೈ. ಉಳಿದವನ್ನು ಕೊಯ್ದೆವು, ಒಣಗಿಸಿದೆವು, ಕಳಿಸಿದೆವು. ಪುಡಿ ಕಹಿ ಅಂತ ಬಿಸ್ಕತ್ ಕಂಪನಿಯವರು ವಾಪಸ್ ಹೇಳಿದರು.

ಚೇತನ್ ಊರಿಂದ ಬಂದು ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳಿದ. ಕೂಗಾಡಲಿಲ್ಲ, ಅವನ ಮುಖ ಅಳುವ ಹಾಗಿತ್ತು. “ಏನಾಯ್ತು ಮೇಡಂ? ಸೋಮವಾರ ಆಗಿದೆ ಅಂದ್ರಲ್ಲ?”

ನಾನು ಹೇಳಿದೆ, “ಸುಜಾತ ಮಾಡಲ್ಲ ಅಂದ್ಬುಟ್ಲು ಸಾರ್.”

ಅದು ಸುಳ್ಳಲ್ಲ ನೋಡಿ. ಅವಳು ಹಾಗೆ ಅಂದಿದ್ದಳು. ಅವಳನ್ನು ನಂಬಿ ನಾನು ಫೋನಿನಲ್ಲಿ ‘ಆಯ್ತು’ ಅಂದಿರಬೇಕು ಅಂತ ಚೇತನ್ ತಾನೇ ಅಂದುಕೊಂಡ. ಅದರ ಮುಂದಿನದನ್ನು ನಾನು ಹೇಳಲಿಲ್ಲ ಅಷ್ಟೇ. ನಾನು ಮಾಡುತ್ತೇನೆ ಅಂದೆ, ಮಾಡಲಿಲ್ಲ, ಆಯ್ತು ಅಂತ ನಿಮಗೆ ಸುಳ್ಳು ಹೇಳಿದೆ, ಇದು ಯಾವುದನ್ನೂ ಹೇಳಲಿಲ್ಲ. ಸುಜಾತ ಮೂರು ಅಡಿ ದೂರದಲ್ಲಿ ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು. ನಾನು ಈಗ ಬಾಯಿ ತೆರೆಯುತ್ತೇನೆ, ಈಗ ತೆರೆಯುತ್ತೇನೆ ಅಂತ ಕಾದಳು ಅನಿಸುತ್ತದೆ. ಅವಳೇ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಸೂಪರ್‌ವೈಸರ್ ಮಾತಿನ ಎದುರು ಅವಳ ಮಾತನ್ನು ಅಲ್ಲಿ ಯಾರು ನಂಬುತ್ತಿದ್ದರು? ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾರನೆಯ ದಿನದಿಂದ ಬರಬೇಡ ಅಂದ ಚೇತನ್. ಅವಳು ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು, “ಬತ್ತೀನಿ ಮಂಜುಳ” ಅಂದಳು. ನನ್ನನ್ನು ದಾಟಿಕೊಂಡು ಹೋದಳು. ಗಣಪತಿ ಹಬ್ಬಕ್ಕೆ ಮುಂಚೆ ಶೆಡ್ಡೂ ಮುಚ್ಚಿತು. ನನಗೆ ಮೂರು ತಿಂಗಳಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತು, ಮಸಾಲೆ ಪುಡಿ, ಪೂರ್ತಿ ಹಸಿರು ಚುಕ್ಕಿ. ಒಮ್ಮೆ ಅಶೋಕಪುರಂನಲ್ಲಿ ಒಂದು ಮದುವೆಗೆ ಹೋಗಿದ್ದಾಗ ಅವಳ ಬೀದಿಯಲ್ಲಿ ಹಾದೆ. ಬಾಗಿಲಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಗೋಡೆಗೆ ಒಂದು ಊರುಗೋಲು ಒರಗಿಸಿಟ್ಟಿತ್ತು. ನಾನು ಬೇಗ ಬೇಗ ಹೆಜ್ಜೆ ಹಾಕಿದೆ.

ಮಂಜುಳ ಈಗಲೂ ಸಿಗುತ್ತಾಳೆ. ಈ ಸಂಕ್ರಾಂತಿಗೆ ಎಳ್ಳು ಕೊಡಲು ಬಂದಾಗಲೂ ಅದೇ ಮಾತು ತೆಗೆದಳು. “ಆ ಸುಜಾತ ಒಂದಿನ ಸೆಟ್ಕೊಂಡ್ ಕೂತ್ಲು ನೋಡಿ ಅಕ್ಕ, ಐದು ಜನದ್ದೂ ಅನ್ನ ಹೋಯ್ತು.” ನಾನು ಪ್ರತಿ ಸಲದ ಹಾಗೆ “ಹೂಂ” ಅಂದೆ. ಮೂರು ವರ್ಷದಿಂದ ಹೂಂ ಅನ್ನುತ್ತಲೇ ಇದ್ದೇನೆ.

ಮಂಜುಳಾ, ನೀನು ಈ ಪೇಜ್ ಓದುತ್ತೀಯ ಅಂತ ನನಗೆ ಗೊತ್ತು. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ. ನಿನ್ನ ಕೆಲಸ ಹೋಗಿದ್ದು ಸುಜಾತಳಿಂದ ಅಲ್ಲ ಕಣೇ, ನನ್ನಿಂದ. ಇನ್ನು ಮೇಲೆ ಯಾರ ಮುಂದೆ ಆ ಕಥೆ ಹೇಳಿದರೂ ಅವಳ ಹೆಸರು ತೆಗೆದು ನನ್ನ ಹೆಸರು ಹಾಕು. ಇದನ್ನು ಪೋಸ್ಟ್ ಮಾಡಿ ನಾನು ಅಶೋಕಪುರಂ ಬಸ್ಸು ಹತ್ತುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ, ಅದು ಅವಳ ಹಕ್ಕು.

ನೀವೂ ಹೀಗೆ ಅರ್ಧ ನಿಜ ಹೇಳಿ ಯಾರನ್ನಾದರೂ ಹೊರಗೆ ಕಳಿಸಿದ್ದೀರಾ? ಅಥವಾ ನಿಮ್ಮ ಬೀದಿಯ ಹೆಸರು ಕೇಳಿಯೇ ಯಾರಾದರೂ ತಾವು ಮಾಡಲಾಗದ ಕೆಲಸವನ್ನು ನಿಮ್ಮ ಕೈಗೆ ಹಾಕಿದ್ದಾರಾ? ಕೆಳಗೆ ಬರೆಯಿರಿ. ಹೆಸರು ಹಾಕಬೇಕಿಲ್ಲ, ಚೆನ್ನಾಗಿ ಬರೆಯಬೇಕಿಲ್ಲ. ನನಗೆ ಸಮಾಧಾನ ಹೇಳುವುದಕ್ಕೆ ಮಾತ್ರ ಬರಬೇಡಿ. ನಿಮಗೆ ನಡೆದದ್ದನ್ನು ನಡೆದ ಹಾಗೇ ಹೇಳಿ, ವಾಪಸ್ ಬಂದು ಒಂದೊಂದನ್ನೂ ಓದುತ್ತೇನೆ.